ಕಂಬಿ ಕತ್ತರಿಸುವ ಮೊದಲೇ ಜಾಯಿಂಟ್ ಕಟ್ಟಿ ನೋಡಿದೆವು

ಮೈಸೂರು ದಟ್ಟಗಳ್ಳಿಯ 30x40 ಸೈಟಿನ ಮನೆಗೆ ಒಂದೊಂದು ಕಂಬಿಯನ್ನೂ ಮೊದಲು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡುತ್ತೇನೆ ಅಂದಾಗ ಯಾರೂ ಒಪ್ಪಲಿಲ್ಲ. ‘ಎರಡಂತಸ್ತಿನ ಮನೆಗೆ ಇಷ್ಟೆಲ್ಲಾ ಯಾಕೆ ಸಾರ್, ಅಲ್ಲೇ ಅಡ್ಜಸ್ಟ್ ಮಾಡ್ಕೋತೀವಿ’ ಅಂದರು ಮೇಸ್ತ್ರಿ. ಬೋಗಾದಿಯ ಹಿಂದಿನ ಕೆಲಸದಲ್ಲಿ ಇದೇ ಅಡ್ಜಸ್ಟ್ ನಡೆದಿತ್ತು. ಕಾಲಂ ಕಂಬಿ ಗಿಡ್ಡವಾಗಿ, ಲ್ಯಾಪ್ (ಕೆಳಗಿನ ಕಂಬಿಗೆ ಮೇಲಿನದನ್ನು ಪಕ್ಕಕ್ಕಿಟ್ಟು ಕಟ್ಟುವ ಜಾಗ) ಕಾಲಂ, ಬೀಮ್ ಸೇರುವ ಜಾಯಿಂಟಿನೊಳಗೇ ಬಂದಿತ್ತು. ಶಟರಿಂಗ್ ಬಿಚ್ಚಿದರೆ ಒಳಗೆಲ್ಲ ಪೊಳ್ಳು. ಒಡೆದು ಮೈಕ್ರೋ ಕಾಂಕ್ರೀಟ್ ತುಂಬಲು 18-20 ಸಾವಿರ ಹೋಯಿತು.

ಲೆಕ್ಕ ನೋಡಿ. ಕಾಲಂ ಅಗಲ 230 ಎಂಎಂ. ಎರಡೂ ಕಡೆ 40 ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್), ಕಂಬಿಗಳನ್ನು ಸುತ್ತುವ 8ರ ರಿಂಗ್ ಕಳೆದರೆ 134. ಮೂಲೆಯ 16ರ ಕಂಬಿಗಳೂ ಹೋದರೆ 102. ಅದರಲ್ಲೇ ಬೀಮಿನ ಮೂರು 16 ನುಗ್ಗಬೇಕು. ಅಂಚಿನ ಎರಡು ಕಾಲಂ ಕಂಬಿಗೆ ಅಂಟಿಕೊಂಡರೆ, ನಡುವಿನ ಎರಡು ಸಂದು ತಲಾ 27 ಸಿಗುತ್ತದೆ. ಲ್ಯಾಪಿನ ಎರಡು 16 ಕೂಡ ಅಲ್ಲೇ ಒಳಗೆ ಬಂದರೆ ಬರೀ 11! 20ರ ಜಲ್ಲಿ ಇಳಿಯುವುದು ಹೇಗೆ?

ಆ 27ನ್ನೂ ನಂಬಬೇಡಿ. ಮೈಮೇಲಿನ ಏಣು ಸೇರಿದರೆ 16ರ ಕಂಬಿ ಸುಮಾರು 18 ಆಗುತ್ತದೆ, ಸಂದು 22ಕ್ಕೆ ಇಳಿಯುತ್ತದೆ. ನಾನು ರೆವಿಟ್ ಅನ್ನೋ ಮಾಡೆಲಿಂಗ್ ಸಾಫ್ಟ್‌ವೇರಿನಲ್ಲಿ 18 ಅಂತಲೇ ಹಾಕಿದೆ. ಇಡೀ ಆಟ ಗೆದ್ದಿದ್ದು ಇಲ್ಲೇ. ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಕೇಳಿ, ಮೂರು 16ರ ಬದಲು ಎರಡು 20 ಕೊಟ್ಟೆವು. ಕಂಬಿಯ ಅಡ್ಡಕೊಯ್ತದ ಏರಿಯಾ 603ರಿಂದ 628 ಚದರ ಎಂಎಂಗೆ ಹೋಯಿತು, ಕಡಿಮೆ ಆಗಲಿಲ್ಲ. ನಡುವೆ ಕಾಂಕ್ರೀಟ್ ಅಲುಗಿಸುವ 40ರ ವೈಬ್ರೇಟರ್ ಸೂಜಿ ಸಲೀಸಾಗಿ ಇಳಿಯಿತು. ಲ್ಯಾಪನ್ನು ಕಾಲಂ ಎತ್ತರದ ನಡುಭಾಗಕ್ಕೆ ಒಯ್ದೆವು. ಭೂಕಂಪ ತಾಳುವ ಕಟ್ಟಡಗಳ ಕೋಡ್ ಐಎಸ್ 13920 ಹೇಳುವುದೂ ಅದನ್ನೇ, ಆದರೆ ಮನೆ ಕೆಲಸದಲ್ಲಿ ಯಾರು ಪಾಲಿಸುತ್ತಾರೆ?

ಮೊದಲು ಇಡೀ ಮನೆಯ ಕಂಬಿ ಹಾಕಲು ಹೋಗಿದ್ದೆ. ಲ್ಯಾಪ್‌ಟಾಪ್ ಉಸಿರುಗಟ್ಟಿತು. ಸ್ಲ್ಯಾಬ್ ಬಿಟ್ಟು ಕಾಲಂ, ಬೀಮ್ ಮಾತ್ರ ಇಟ್ಟುಕೊಂಡೆ. ಸುಮ್ನೆ ಕುತೂಹಲಕ್ಕೆ ಒಂದು ಜಾಯಿಂಟನ್ನು ತ್ರೀಡಿ ಪ್ರಿಂಟ್ ಕೂಡ ಮಾಡಿಸಿದೆ. ತೆಳು ಕಂಬಿಗಳು ಪಟಪಟ ಮುರಿದವು, ಎರಡು ಸಾವಿರದ ಹತ್ತಿರ ನೀರಿಗೆ ಬಿತ್ತು. ಕೆಲಸಕ್ಕೆ ಬಂದಿದ್ದು ಎ3 ಹಾಳೆ. ಒಂದೊಂದು ಕಂಬಿಗೆ ಒಂದೊಂದು ಬಣ್ಣ, ಲ್ಯಾಮಿನೇಷನ್ ಮಾಡಿಸಿ ಕಾಲಂಗೇ ಕಟ್ಟಿದೆವು. ಕಂಬಿ ಕಟ್ಟುವ ಹುಡುಗರು ಪ್ಲಾನ್ ನೋಡುವುದನ್ನೇ ಬಿಟ್ಟರು.

ಕಂಬಿ ನಾಲ್ಕೂವರೆ ಟನ್ ಆಸುಪಾಸು. ಮೊದಲು ವೇಸ್ಟ್ ನೂರಕ್ಕೆ ಏಳೆಂಟು ಇರುತ್ತಿತ್ತು, ಈ ಸಲ ಮೂರರ ಒಳಗೇ ನಿಂತಿತು. 12 ಮೀಟರ್ ಕಂಬಿಯಿಂದ ತುಂಡುಗಳನ್ನು ಹೊಂದಿಸುವ ನನ್ನ ಶೀಟ್ ಮಾತ್ರ ಕೇಳಬೇಡಿ, ಅದು ನನ್ನ ಅನ್ನ. ಮಾಲೀಕರಿಗೆ ಉಳಿದಿದ್ದು 14 ಸಾವಿರದಷ್ಟು. ಪೊಳ್ಳು ಒಂದೂ ಇಲ್ಲ. ಈಗ ಈ ಕೆಲಸಕ್ಕೆ ಚದರಡಿಗೆ 4 ರೂಪಾಯಿ ಬೇರೆಯಾಗಿಯೇ ಕೇಳುತ್ತೇನೆ, ಚೌಕಾಸಿ ಮಾಡದೆ ಕೊಡುತ್ತಿದ್ದಾರೆ.