ಆಧಾರ್ ಜೆರಾಕ್ಸ್, ಹೆಬ್ಬೆಟ್ಟು, ಹಳೆಯ ಸಿಮ್: ಗುರುತಿನ ಕಳವು ತಡೆಯುವ ಮತ್ತು ಸರಿಪಡಿಸಿಕೊಳ್ಳುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಒಬ್ಬರ ಗುರುತನ್ನು ಕದಿಯಲು ಭಾರಿ ತಂತ್ರಜ್ಞಾನವೇನೂ ಬೇಕಾಗಿಲ್ಲ. ಆಧಾರ್ ಕಾರ್ಡಿನ ಒಂದು ಜೆರಾಕ್ಸ್, ಹೆಬ್ಬೆಟ್ಟಿನ ಒಂದು ಅಚ್ಚು ಅಥವಾ ರೀಚಾರ್ಜ್ ಮಾಡಿಸದೆ ಬಿಟ್ಟ ಒಂದು ಸಿಮ್ ಸಾಕು. ಉದ್ಯೋಗ ಖಾತ್ರಿಯ ಕೂಲಿ, ಗೃಹಲಕ್ಷ್ಮಿಯ ಹಣ, ವೃದ್ಧಾಪ್ಯ ವೇತನ ಎಲ್ಲವೂ ಆಧಾರ್ ಜೋಡಣೆಯಾದ ಖಾತೆಗೇ ಬಂದು ಬೀಳುವುದರಿಂದ, ಪಾಸ್‌ವರ್ಡಿನ ಮಾತಿಗಿಂತ ಮೊದಲು ಈ ಮೂರನ್ನು ಕಾಯ್ದುಕೊಳ್ಳುವ ಬಗೆಯನ್ನು ಹೇಳಬೇಕಾಗುತ್ತದೆ.

ಮೊದಲನೆಯದು ಹೆಬ್ಬೆಟ್ಟು. ಊರಿನ ಬ್ಯಾಂಕ್ ಮಿತ್ರರ ಬಳಿ ಹಣ ತೆಗೆಯುವ ಎಇಪಿಎಸ್ (ಆಧಾರ್ ಆಧಾರಿತ ಪಾವತಿ) ವ್ಯವಸ್ಥೆಯಲ್ಲಿ ಎಟಿಎಂ ಕಾರ್ಡೂ ಬೇಕಿಲ್ಲ, ಒಟಿಪಿಯೂ ಬೇಕಿಲ್ಲ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಹಣ ಹೊರಬರುತ್ತದೆ. ಆಸ್ತಿ ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳಚ್ಚು ತಯಾರಿಸಿ ಖಾತೆ ಖಾಲಿ ಮಾಡಿದ ಪ್ರಕರಣಗಳು ದೇಶದ ಹಲವೆಡೆ ದಾಖಲಾಗಿವೆ. ಅದಕ್ಕಿಂತ ಸರಳವಾದ ಮೋಸವೂ ಉಂಟು. "ಮುತ್ಯಾ, ಬೆರಳು ಹಿಡಿವಲ್ದು, ಇನ್ನೊಮ್ಮೆ ಇಡ್ರಿ" ಎಂದು ಯಂತ್ರದವನು ಹೇಳಿದಾಗ ಮೊದಲ ಸಲವೇ ಹಣ ಕಡಿತವಾಗಿರಬಹುದು, ಎರಡನೆಯ ಸಲ ಮತ್ತೊಮ್ಮೆ ಕಡಿತವಾಗಬಹುದು. ಹೊಲದ ಕೆಲಸದಲ್ಲಿ ಸವೆದ ಬೆರಳು ನಿಜವಾಗಿಯೂ ಹಿಡಿಯದೆ ಇರುವುದುಂಟು, ಆದ್ದರಿಂದ ಎಲ್ಲರನ್ನೂ ಅನುಮಾನಿಸುವುದು ಸರಿಯಲ್ಲ. ಆದರೆ ಬೆರಳಿಟ್ಟ ಪ್ರತಿ ಸಲಕ್ಕೂ, ವಿಫಲವಾದ ಸಲಕ್ಕೂ ಸೇರಿಸಿ, ಚೀಟಿ ಕೇಳಿ ಪಡೆಯಬೇಕು ಮತ್ತು ಒಂದೆರಡು ದಿನದಲ್ಲಿ ಶಾಖೆಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಬೇಕು.

ಇದಕ್ಕೆ ಖಚಿತವಾದ ತಡೆಯೆಂದರೆ ಬಯೋಮೆಟ್ರಿಕ್ ಲಾಕ್. ಆಧಾರ್‌ಗೆ ನಿಮ್ಮ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ ಆಧಾರ್ ನೀಡುವ ಸಂಸ್ಥೆಯಾದ ಯುಐಡಿಎಐನ ಜಾಲತಾಣದಲ್ಲಿ ಅಥವಾ ಅದರ ಆಧಾರ್ ಆ್ಯಪ್‌ನಲ್ಲಿ ಇದನ್ನು ಉಚಿತವಾಗಿ ಹಾಕಿಕೊಳ್ಳಬಹುದು. ಲಾಕ್ ಇರುವಷ್ಟು ಕಾಲ ನಿಮ್ಮ ಬೆರಳಚ್ಚು, ಕಣ್ಣಿನ ಪಾಪೆ ಮತ್ತು ಮುಖದ ಗುರುತನ್ನು ಯಾರೂ ಬಳಸಲಾಗದು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ದಿನ ಅದನ್ನು ತಾತ್ಕಾಲಿಕವಾಗಿ ತೆರೆಯಬೇಕಾಗುತ್ತದೆ. ಮನೆಯಲ್ಲಿ ಹಿರಿಯರೊಬ್ಬರೇ ಇದ್ದು, ಮಕ್ಕಳು ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿಯುತ್ತಿದ್ದರೆ ಇದು ನಿಜಕ್ಕೂ ತೊಡಕಿನ ಕೆಲಸ. ಅಂಥವರು ಲಾಕ್‌ಗೆ ಬದಲಾಗಿ, ಎಇಪಿಎಸ್ ಬಳಸುವುದಿಲ್ಲವಾದರೆ ಆ ಸೌಲಭ್ಯವನ್ನು ತಮ್ಮ ಖಾತೆಯಿಂದ ತೆಗೆಯುವಂತೆ ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ಕೇಳುವುದು ಮೇಲು. ಆಧಾರ್ ದೃಢೀಕರಣದ ಇತಿಹಾಸದಲ್ಲಿ ಕಳೆದ 6 ತಿಂಗಳಲ್ಲಿ ನಿಮ್ಮ ಆಧಾರ್ ಎಂದು, ಯಾವ ಸಂಸ್ಥೆಯಲ್ಲಿ ಬಳಕೆಯಾಗಿದೆ ಎಂಬುದನ್ನೂ ನೋಡಬಹುದು.

ಎರಡನೆಯದು ಜೆರಾಕ್ಸ್. ಎಲ್ಲಿ ಸಾಧ್ಯವೋ ಅಲ್ಲಿ ಕೊನೆಯ 4 ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಕೊಡಬೇಕು. ಪೂರ್ತಿ ಪ್ರತಿಯನ್ನೇ ಕೊಡುವುದು ಅನಿವಾರ್ಯವಾದರೆ, ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನಾಂಕದಂದು ಕೊಟ್ಟದ್ದು ಎಂಬುದನ್ನು ಪ್ರತಿಯ ಮೇಲೆ ಅಡ್ಡಲಾಗಿ, ಭಾವಚಿತ್ರಕ್ಕೆ ತಾಗುವಂತೆ ಬರೆದು ಸಹಿ ಮಾಡಬೇಕು. ಗುಳೆ ಹೋಗುವಾಗ ಮೇಸ್ತ್ರಿಯ ಕೈಗೆ ಕೊಡುವ ಪ್ರತಿಗೂ ಇದೇ ನಿಯಮ. ಇನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಇರಲಿ, ಶಹಾಪುರದ ಬಸ್ ನಿಲ್ದಾಣದ ಸುತ್ತಲಿನ ಅಂಗಡಿ ಇರಲಿ, ಪ್ರಿಂಟ್ ತೆಗೆಸಲು ಆಧಾರ್ ಫೈಲನ್ನು ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಕಳಿಸಿ ಬರುವುದು ನಮ್ಮಲ್ಲಿ ಮಾಮೂಲಾಗಿದೆ. ಇ-ಆಧಾರ್ ಫೈಲಿನ ಪಾಸ್‌ವರ್ಡ್ ಎಂದರೆ ನಿಮ್ಮ ಹೆಸರಿನ ಇಂಗ್ಲಿಷ್‌ನ ಮೊದಲ 4 ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಪರಿಚಯದವರಿಗೆ ಅದನ್ನು ಊಹಿಸುವುದು ಕಷ್ಟವಲ್ಲ. ಪ್ರಿಂಟ್ ಕೈಗೆ ಬಂದ ಮೇಲೆ ಅವರ ಕಂಪ್ಯೂಟರಿನ ಡೌನ್‌ಲೋಡ್ಸ್‌ನಿಂದ ಫೈಲನ್ನು ಎದುರಿಗೇ ಅಳಿಸಿಸಿ, ನಿಮ್ಮ ಮೊಬೈಲಿನಿಂದಲೂ "ಎಲ್ಲರಿಗೂ ಡಿಲೀಟ್" ಮಾಡಿ ಹೊರಡಬೇಕು. ಇದಕ್ಕೆ ಸಂಕೋಚ ಪಡುವ ಕಾರಣವಿಲ್ಲ.

ಮೂರನೆಯದು ಸಿಮ್. ಮುಂಬೈಗೆ ಹೋದವರು ಅಲ್ಲಿ ಹೊಸ ಸಿಮ್ ಕೊಂಡು ಊರಿನ ಸಂಖ್ಯೆಯನ್ನು ಹಾಗೆಯೇ ಬಿಟ್ಟುಬಿಡುತ್ತಾರೆ. ಸಂಪರ್ಕ ಕಡಿದ ಸಂಖ್ಯೆಯನ್ನು 90 ದಿನಗಳ ನಂತರ ಕಂಪನಿಯು ಬೇರೊಬ್ಬರಿಗೆ ಕೊಡಬಹುದಾದ್ದರಿಂದ, ನಿಮ್ಮ ಬ್ಯಾಂಕಿನ ಒಟಿಪಿ ಮತ್ತು ಹಣ ಕಡಿತದ ಸಂದೇಶಗಳು ಆ ಅಪರಿಚಿತರಿಗೆ ಹೋಗತೊಡಗುತ್ತವೆ. ಸಂಖ್ಯೆ ಬಿಡುವ ಮುನ್ನ ಬ್ಯಾಂಕಿನಲ್ಲಿಯೂ ಆಧಾರ್ ಕೇಂದ್ರದಲ್ಲಿಯೂ ಹೊಸ ಸಂಖ್ಯೆಯನ್ನು ದಾಖಲಿಸಬೇಕು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣ ತೋರಿಸುತ್ತದೆ. ಗೊತ್ತಿಲ್ಲದ ಸಂಖ್ಯೆ ಕಂಡರೆ ಅದು ನಿಮ್ಮದಲ್ಲವೆಂದು ಅಲ್ಲಿಯೇ ಗುರುತು ಮಾಡಬಹುದು.

ಪ್ಯಾನ್ ಕಾರ್ಡ್ ಬಳಸಿ ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ಎತ್ತುವ ದುರ್ಬಳಕೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಈ ನಾಲ್ಕೂ ಸಾಲ ವರದಿಯ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ಸಾಲ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಒಂದೊಂದನ್ನು ಮೂರು ತಿಂಗಳಿಗೊಮ್ಮೆ ತರಿಸಿಕೊಂಡರೆ ನೀವು ಮಾಡದ ಸಾಲ ವರ್ಷವಿಡೀ ಬಚ್ಚಿಟ್ಟುಕೊಳ್ಳಲಾಗದು.

ಕಳವು ನಡೆದೇಹೋದರೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಖಾತೆ ಸಂಖ್ಯೆ, ಕಡಿತವಾದ ಮೊತ್ತ, ಸಮಯ ಮತ್ತು ಸಂದೇಶದಲ್ಲಿರುವ ವಹಿವಾಟು ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡೇ ಕರೆ ಮಾಡಬೇಕು, ಏಕೆಂದರೆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮುನ್ನ ಅದನ್ನು ತಡೆಹಿಡಿಸುವುದೇ ಈ ಕರೆಯ ಉದ್ದೇಶ. ಅವರು ಕೊಡುವ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅದೇ ದಿನ ಬಯೋಮೆಟ್ರಿಕ್ ಲಾಕ್ ಹಾಕಿ ಬ್ಯಾಂಕಿಗೆ ಹೋಗಬೇಕು.

ಬ್ಯಾಂಕಿನಲ್ಲಿ ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ಎರಡು ಪ್ರತಿ ಬರೆದು, ಒಂದರ ಮೇಲೆ ದಿನಾಂಕದ ಸಮೇತ ಶಾಖೆಯ ಮೊಹರು ಹಾಕಿಸಿಕೊಳ್ಳಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಬೇರೆಡೆ ನಡೆದಿದ್ದರೆ, ಕಡಿತದ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟವರ ಮೇಲೆ ನಷ್ಟದ ಹೊಣೆ ಇರುವುದಿಲ್ಲ. 4ರಿಂದ 7 ಕೆಲಸದ ದಿನಗಳೊಳಗೆ ಕೊಟ್ಟರೆ ಜನಧನದಂಥ ಮೂಲ ಖಾತೆಗಳಿಗೆ 5,000 ರೂಪಾಯಿವರೆಗೆ, ಇತರ ಉಳಿತಾಯ ಖಾತೆಗಳಿಗೆ 10,000 ರೂಪಾಯಿವರೆಗೆ ಮಾತ್ರ ಹೊಣೆ. ಒಟಿಪಿಯನ್ನು ನೀವೇ ಹೇಳಿದ್ದರೆ ದೂರು ಕೊಡುವ ತನಕದ ನಷ್ಟ ನಿಮ್ಮದೇ, ಅನಂತರದ್ದು ಬ್ಯಾಂಕಿನದು. ಹಾಗಾಗಿ ನಾಚಿಕೆಯಿಂದ ತಡಮಾಡಿದಷ್ಟೂ ನಷ್ಟ ಬೆಳೆಯುತ್ತದೆ. ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಮಾಹಿತಿಗೆ 14448 ಇದೆ.

ಪೊಲೀಸ್ ದೂರನ್ನು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಠಾಣೆಯಲ್ಲಿ ಕೊಡುವುದು ವಾಡಿಕೆ. ಆದರೆ ಔರಾದದಿಂದ ಬೀದರಿಗೆ, ಅಫಜಲಪುರದಿಂದ ಕಲಬುರಗಿಗೆ ಹೋಗಲೇಬೇಕೆಂದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಎಲ್ಲಿಯೇ ನಡೆದಿರಲಿ, ಹತ್ತಿರದ ಠಾಣೆಯೂ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು. ಠಾಣೆಯವರು ಒಪ್ಪದಿದ್ದರೆ ಎಸ್ಪಿಯವರಿಗೆ, ಕಲಬುರಗಿ ನಗರದವರಾದರೆ ಪೊಲೀಸ್ ಆಯುಕ್ತರಿಗೆ, ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಕಲಮು ಗುರುತಿನ ಕಳವಿನದೇ ಆಗಿದ್ದು, ಅದಕ್ಕೆ 3 ವರ್ಷದವರೆಗೆ ಸೆರೆಮನೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ. ದೂರಿನಲ್ಲಿ ಅದನ್ನು ಹೆಸರಿಸುವುದು ಒಳ್ಳೆಯದು.

ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ಎತ್ತಿದ್ದರೆ ಎಫ್‌ಐಆರ್ ಪ್ರತಿಯೊಂದಿಗೆ ಸಾಲ ಕೊಟ್ಟ ಸಂಸ್ಥೆಗೂ, ಸಾಲ ವರದಿಯ ಸಂಸ್ಥೆಗೂ ಆಕ್ಷೇಪಣೆ ಸಲ್ಲಿಸಬೇಕು. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ. ವಸೂಲಿಗೆ ಬಂದವರ ಕಾಟ ತಪ್ಪಲೆಂದು ಒಂದು ಕಂತನ್ನಾದರೂ ಕಟ್ಟುವುದು ಬೇಡ, ಅದು ಸಾಲ ನಿಮ್ಮದೇ ಎಂದು ಒಪ್ಪಿಕೊಂಡಂತೆ ಕಾಣುತ್ತದೆ; ಅವರಿಗೂ ಬರಹದಲ್ಲಿಯೇ ಉತ್ತರಿಸಿ. ದೂರು ಕೊಟ್ಟ ಕೆಲ ದಿನಗಳಲ್ಲಿ "ನಿಮ್ಮ ಹಣ ಸಿಕ್ಕಿದೆ, ಬಿಡಿಸಲು ಶುಲ್ಕ ಕಟ್ಟಿ" ಎಂಬ ಕರೆ ಬಂದರೆ ಅದೂ ಮೋಸವೇ, ಏಕೆಂದರೆ 1930 ಆಗಲಿ ಪೊಲೀಸರಾಗಲಿ ಹಣ ಮರಳಿಸಲು ಶುಲ್ಕ ಕೇಳುವುದಿಲ್ಲ. ಸಾಲ ತೆಗೆದುಹಾಕಿದ್ದೇವೆಂಬ ಪತ್ರ ಬಂದ ಮೇಲೂ ಮುಂದಿನ ತ್ರೈಮಾಸಿಕದ ವರದಿಯನ್ನು ತರಿಸಿ ನೋಡಿ; ಅಳಿಸಿದ ನಮೂದು ಮತ್ತೆ ಕಾಣಿಸಿಕೊಂಡರೆ ಅದೇ ಪತ್ರವನ್ನು ಲಗತ್ತಿಸಿ ಹೊಸದಾಗಿ ಆಕ್ಷೇಪಣೆ ಸಲ್ಲಿಸಬೇಕಾಗುತ್ತದೆ.