ನೊಣ ಚಿಕ್ಕದಾಗಿದ್ದು ಯಾಕೆ?

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನಾನು ಹಣ್ಣುನೊಣ ಸಾಕುತ್ತಿದ್ದೆ. ಅವಕ್ಕೆ ಊಟ ಬಾಳೆಹಣ್ಣು, ಬೆಲ್ಲ. ನನ್ನ ಬಟ್ಟೆಗೂ ಅದೇ ವಾಸನೆ. 25 ಡಿಗ್ರಿಯಲ್ಲಿ ಮೊಟ್ಟೆ ನೊಣವಾಗಲು ಸುಮಾರು 10 ದಿನ ಬೇಕು. ಪ್ರತಿ ಸಲ ಎಲ್ಲಕ್ಕಿಂತ ಮೊದಲು ಹೊರಬಂದವನ್ನೇ ಆರಿಸಿ ಮುಂದಿನ ತಲೆಮಾರು ಬೆಳೆಸುವುದು ನನ್ನ ಕೆಲಸ. ರಾತ್ರಿ ಕೂಡ ಎರಡು ಗಂಟೆಗೊಮ್ಮೆ ಎದ್ದು ಬಾಟಲಿ ನೋಡಬೇಕಿತ್ತು.

ಹತ್ತಾರು ತಲೆಮಾರು ಕಳೆದವು. ನೊಣಗಳು ಬೇಗ ಬರತೊಡಗಿದವು, ಜೊತೆಗೆ ಚಿಕ್ಕದೂ ಆದವು. ‘ಚಿಕ್ಕ ಗಾತ್ರ ಆಯ್ಕೆಯಾಯಿತು’ ಅಂತ ಖುಷಿಯಿಂದ ಬರೆದೆ. ಹಿರಿಯರೊಬ್ಬರು ಓದಿ ಕೇಳಿದರು: “ನೀವೇನು ಗಾತ್ರ ಅಳೆದು ಆರಿಸಿದ್ರಾ?” ಇಲ್ಲ, ನಾನು ನೋಡಿದ್ದು ಗಡಿಯಾರವನ್ನು ಮಾತ್ರ.

ತತ್ತ್ವಶಾಸ್ತ್ರಜ್ಞ ಎಲಿಯಟ್ ಸೋಬರ್ 1984ರಲ್ಲಿ ಇದಕ್ಕೊಂದು ಆಟಿಕೆಯ ಉದಾಹರಣೆ ಕೊಟ್ಟಿದ್ದರು. ಒಂದರ ಕೆಳಗೊಂದು ಜರಡಿ, ಕೆಳಗೆ ಹೋದಷ್ಟೂ ತೂತು ಸಣ್ಣದು. ಚೆಂಡುಗಳನ್ನು ಹಾಕಿ ಅಲ್ಲಾಡಿಸಿದರೆ ತಳಕ್ಕೆ ಬರುವುದು ಬರೀ ಹಸಿರು ಚೆಂಡು. ಜರಡಿಗೆ ಬಣ್ಣ ಗೊತ್ತಾಗುತ್ತದಾ? ಅತಿ ಚಿಕ್ಕ ಚೆಂಡುಗಳೆಲ್ಲ ಹಸಿರಾಗಿದ್ದವು, ಅಷ್ಟೇ. ನನ್ನ ನೊಣಗಳ ಗಾತ್ರ ಆ ಹಸಿರಿನ ಹಾಗೆ, ಸುಮ್ನೆ ಜೊತೆಗೆ ಬಂದದ್ದು.

ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ 1961ರಲ್ಲಿ ಕಾರಣಗಳನ್ನು ಎರಡಾಗಿ ಬಿಡಿಸಿದ್ದರು. ನಾನು ಅವನ್ನು ಹತ್ತಿರದ್ದು, ದೂರದ್ದು ಅನ್ನುತ್ತೇನೆ. ಹತ್ತಿರದ ಕಾರಣ: ಮರಿಹುಳುಗಳಿಗೆ ತಿನ್ನಲು ಸಿಕ್ಕಿದ್ದು ಕಡಿಮೆ ಹೊತ್ತು, ಹಾಗಾಗಿ ಮೈ ಬೆಳೆಯಲಿಲ್ಲ. ದೂರದ ಕಾರಣ ನನ್ನ ಗಡಿಯಾರ. ಚೆನ್ನಾಗಿ ಹೊಂದಿತು, ಅಲ್ವಾ? ಆದರೆ ಒಂದು ಬಾಟಲಿಗೆ ಮೊಟ್ಟೆ ಜಾಸ್ತಿ ಬಿದ್ದರೆ ಈ ಎರಡರ ನಡುವಿನ ಗೆರೆ ಅಳಿಸಿಹೋಗುತ್ತದೆ. ಹುಳುಗಳ ಕಸದಿಂದ ಊಟದಲ್ಲಿ ಅಮೋನಿಯಾ ತುಂಬುತ್ತದೆ. ಯಾವ ಹುಳು ಉಳಿಯಬೇಕು ಅನ್ನುವುದನ್ನು ಅದೇ ಅಮೋನಿಯಾ ತೀರ್ಮಾನಿಸುತ್ತದೆ. ಹುಳು ಮಾಡಿದ್ದೇ ಹುಳುವನ್ನು ಆರಿಸುವ ಕಾರಣವಾಯಿತು. ಜೀವವಿಜ್ಞಾನಿ ಕೆವಿನ್ ಲಾಲಂಡ್ ಮತ್ತು ಜೊತೆಗಾರರು 2011ರಲ್ಲಿ ಮೇಯರ್ ಅವರ ವಿಂಗಡಣೆಗೆ ಹಾಕಿದ ತಕರಾರೂ ಈ ಜಾತಿಯದೇ.

ಆಯ್ಕೆ ಕಾರಣವೇ ಅಲ್ಲ, ಹುಟ್ಟು-ಸಾವುಗಳ ಲೆಕ್ಕದ ಮೊತ್ತ ಮಾತ್ರ ಅನ್ನುವವರೂ ಇದ್ದಾರೆ. ತತ್ತ್ವಶಾಸ್ತ್ರಜ್ಞರಾದ ಮೋಹನ್ ಮ್ಯಾಥೆನ್, ಆಂಡ್ರೆ ಏರಿಯೂ 2002ರಲ್ಲಿ ಹೀಗೆ ವಾದಿಸಿದರು. ರಾತ್ರಿ ಎರಡಕ್ಕೆ ಎದ್ದು ನೊಣ ಆರಿಸಿದ ನನಗೆ ಇದು ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಒಂದೇ ಮೂಲದಿಂದ ಬೇರೆ ಬೇರೆ ಸಾಕಿದ ನಾಲ್ಕೂ ಗುಂಪುಗಳು ಚಿಕ್ಕದಾದವು. ಆರಿಸದೆ ಬಿಟ್ಟವು ಆಗಲಿಲ್ಲ. ಬರೀ ಅದೃಷ್ಟದ ಆಟವಾಗಿದ್ದರೆ ಒಂದೊಂದು ಗುಂಪು ಒಂದೊಂದು ಕಡೆ ಹೋಗಬೇಕಿತ್ತು.

ವರದಿಯ ಆ ಸಾಲು ಹೊಡೆದುಹಾಕಿದೆ. ‘ಬೇಗ ಬೆಳೆಯುವುದಕ್ಕೆ ಆಯ್ಕೆ ನಡೆಯಿತು, ಗಾತ್ರ ಜೊತೆಯಲ್ಲಿ ಕುಗ್ಗಿತು’ ಅಂತ ಬರೆದುಕೊಟ್ಟೆ.