ಅಡಿಕೆ ಉಗ್ರಾಣದಲ್ಲಿ ಕಿವಿಯ ಪರೀಕ್ಷೆ ಮಾಡಿದ್ದು ಹೀಗೆ

ಒಂದೇ ಶ್ರುತಿಗೆ ತಂಬೂರಿ ಮೀಟಿದರೂ ಹಾರ್ಮೋನಿಯಂ ನುಡಿಸಿದರೂ ಯಾವುದು ಯಾವುದೆಂದು ತಕ್ಷಣ ತಿಳಿಯುತ್ತದೆ. ದನಿ ಜೋರಾದರೂ ಮೆಲ್ಲಗಾದರೂ ಗುರುತು ತಪ್ಪುವುದಿಲ್ಲ. ಯಾವ ಆವರ್ತನಕ್ಕೆ ಎಷ್ಟು ಬಲವೆಂದು ಕಿವಿ ಒಂದೇ ದನಿಯೊಳಗೆ ಹೋಲಿಸಿ ನೋಡುತ್ತದೆ. ಇದನ್ನು ಅಳೆಯಲು 1980ರ ದಶಕದಲ್ಲಿ ಅಮೆರಿಕದ ಶ್ರವಣ ವಿಜ್ಞಾನಿ ಡೇವಿಡ್ ಗ್ರೀನ್ ಮತ್ತು ಸಂಗಡಿಗರು ಬೆಳೆಸಿದ ವಿಧಾನಕ್ಕೆ ಪ್ರೊಫೈಲ್ ಅನಾಲಿಸಿಸ್ ಎಂದು ಹೆಸರು. ತೀರ್ಥಹಳ್ಳಿ ಕಡೆಯ ಮನೆಯೊಂದರ ಉಗ್ರಾಣದಲ್ಲಿ ನಾನು ಅದನ್ನು ಮಾಡಿದ ಕ್ರಮ ಇದು.

200ರಿಂದ 5000 ಹರ್ಟ್ಸ್‌ವರೆಗೆ 11 ಸ್ವರ, ಪ್ರತಿಯೊಂದೂ ಹಿಂದಿನದರ 1.38 ಪಟ್ಟು. ಆಗ ಆರನೆಯದು 1000ಕ್ಕೆ ಬೀಳುತ್ತದೆ. ಕಂಪ್ಯೂಟರ್ ಪ್ರೋಗ್ರಾಮು ಈ ಹನ್ನೊಂದನ್ನೂ ಒಟ್ಟಿಗೆ ನುಡಿಸಿದರೆ ಒಂದು ದನಿ, ಅದರ ಉದ್ದ 100 ಮಿಲಿಸೆಕೆಂಡು. ಆದಿ ಅಂತ್ಯಗಳನ್ನು 10 ಮಿಲಿಸೆಕೆಂಡಿನಲ್ಲಿ ಏರಿಸಿ ಇಳಿಸದಿದ್ದರೆ 'ಟಕ್' ಎನ್ನುತ್ತದೆ, ಆ ಟಕ್ಕು ಎಲ್ಲ ಆವರ್ತನಗಳಿಗೂ ಹರಡುತ್ತದೆ. ಒಂದರ ಹಿಂದೆ ಒಂದು ಎರಡು ದನಿ. ಒಂದರಲ್ಲಿ ಎಲ್ಲ ಸ್ವರಗಳ ಜೋರೂ ಸಮ, ಇನ್ನೊಂದರಲ್ಲಿ 1000ದ್ದು ಮಾತ್ರ ತುಸು ಹೆಚ್ಚು. ಯಾವುದರಲ್ಲಿ ಹೆಚ್ಚು ಎಂದು ಕೇಳುಗರು ಹೇಳಬೇಕು. ಸತತ ಎರಡು ಸರಿಯಾದರೆ ವ್ಯತ್ಯಾಸ ಇಳಿಸುವುದು, ಒಂದು ತಪ್ಪಿದರೆ ಏರಿಸುವುದು. ಇದು 70.7% ಸರಿ ಉತ್ತರದ ಹಂತಕ್ಕೆ ಬಂದು ನಿಲ್ಲುತ್ತದೆ.

ಇಷ್ಟೇ ಮಾಡಿದರೆ ಪರೀಕ್ಷೆ ಸುಳ್ಳು. 1000ದ ಸ್ವರ ಏರಿದಾಗ ಒಟ್ಟು ದನಿಯೂ ಜೋರಾಗುವುದರಿಂದ ಕೇಳುಗರು 'ಜೋರಾದದ್ದೇ ಉತ್ತರ' ಎಂದು ಹೇಳಿಬಿಡಬಹುದು. ಅದಕ್ಕೇ ಪ್ರತಿ ದನಿಯ ಒಟ್ಟು ಮಟ್ಟವನ್ನೂ 20 ಡೆಸಿಬಲ್ ವ್ಯಾಪ್ತಿಯೊಳಗೆ ಮನಬಂದಂತೆ ಬದಲಿಸಬೇಕು, ಜೋಡಿಗೊಮ್ಮೆ ಅಲ್ಲ, ದನಿದನಿಗೂ. ಹೀಗಿರುವಾಗ 1000ದ ಸ್ವರವೊಂದರ ಜೋರನ್ನಷ್ಟೇ ನಂಬಿದವರು ಲೆಕ್ಕದ ಪ್ರಕಾರ ವ್ಯತ್ಯಾಸದಲ್ಲಿ 4.7 ಡೆಸಿಬಲ್‌ಗಿಂತ ಕೆಳಗಿಳಿಯಲಾರರು. ಅದಕ್ಕಿಂತ ಕೆಳಗಿಳಿದರೆ ಮಾತ್ರ ಆವರ್ತನಗಳ ನಡುವಿನ ಹೋಲಿಕೆ ನಡೆದಿದೆ ಎನ್ನಬಹುದು. ಉಳಿದ ಹತ್ತನ್ನೂ ತೆಗೆದು 1000ವನ್ನಷ್ಟೇ ಕೇಳಿಸಿ ಒಮ್ಮೆ ನೋಡಿ. ಆಗಲೂ 4.7ಕ್ಕಿಂತ ಎಷ್ಟೋ ಕೆಳಗೆ ಬಂದರೆ ಪ್ರೋಗ್ರಾಮಿನಲ್ಲೇ ತಪ್ಪಿದೆ.

ಕಂಪ್ಯೂಟರಿನ 'ಸೌಂಡ್ ಎನ್‌ಹ್ಯಾನ್ಸ್‌ಮೆಂಟ್' ಆನ್ ಇದ್ದರೂ ಪರೀಕ್ಷೆ ಕೆಡುತ್ತದೆ. ಅದು ಮೆಲ್ಲಗಿನದನ್ನು ಏರಿಸಿ ಎಲ್ಲವನ್ನೂ ಸಮ ಮಾಡಿಬಿಡುತ್ತದೆ. ಆಫ್ ಮಾಡಿ, ವೈರ್ ಇರುವ ಹೆಡ್‌ಫೋನ್ ಹಾಕಿ. ಕಂಪ್ಯೂಟರ್ ಹೊರಡಿಸಬಲ್ಲ ಗರಿಷ್ಠ ಅಲೆ 1 ಎಂದಿಟ್ಟುಕೊಂಡರೆ, ಅತಿ ಜೋರಿನ ಮಟ್ಟದಲ್ಲೂ ಒಂದೊಂದು ಸ್ವರ 0.08 ದಾಟಬಾರದು. 1000ದ್ದು ಇಮ್ಮಡಿಯಾಗಿ, ಎಲ್ಲ ಅಲೆಗಳ ತುದಿ ಒಟ್ಟಿಗೆ ಬಂದರೂ ಮೊತ್ತ 0.96, ದನಿ ಒಡೆಯುವುದಿಲ್ಲ. ಅಲೆಗಳ ಹಂತವನ್ನೂ (ಫೇಸ್, ಅಂದರೆ ಪ್ರತಿ ಅಲೆ ಯಾವ ಬಿಂದುವಿನಿಂದ ಶುರುವಾಗುತ್ತದೆಂಬುದನ್ನು) ಪ್ರತಿ ಸಲ ಬದಲಿಸಬೇಕು, ಅಲೆಯ ಆಕಾರವೇ ಬಾಯಿಪಾಠ ಆಗದಿರಲು.

ಮಣ್ಣಿನ ದಪ್ಪ ಗೋಡೆ, ಸುತ್ತ ತುಂಬಿದ ಅಡಿಕೆ ಚೀಲ, ಬಾಗಿಲಿಗೆ ಎರಡು ಕಂಬಳಿ: ಕೋಣೆಗೆ ಇಷ್ಟು ಸಾಕಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಯತ್ನಿಸಬೇಡಿ, ಹಂಚಿನ ಮೇಲಿನ ಮಳೆ ಮೆಲ್ಲಗಿನ ದನಿಗಳನ್ನೆಲ್ಲ ನುಂಗುತ್ತದೆ. ಬೇಸಿಗೆಯ ಜೀರುಂಡೆ ಇನ್ನೂ ಕಷ್ಟ, ಮೇಲಿನ ಸ್ವರಗಳನ್ನಷ್ಟೇ ಮುಚ್ಚಿ ದನಿಯ ಆಕಾರವನ್ನೇ ಬದಲಿಸುತ್ತದೆ. ಡಿಸೆಂಬರ್, ಜನವರಿಯ ಬೆಳಗು ಒಳ್ಳೆಯದು. ಮೊದಲ 500 ಜೋಡಿ ಬರೀ ಅಭ್ಯಾಸಕ್ಕೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ.